ಶಾಲೆಯಲ್ಲಿ ಕಾಟ ಕೊಡ್ತಾರೆ ಅಂತ ಮಗು ಯಾಕೆ ಹೇಳಲ್ಲ?

ಪೋಷಕರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು. ಬೆನ್ನಿಗೇ ಇನ್ನೊಂದು: ಹೇಳುವ ಧೈರ್ಯ ಕಲಿಸೋದು ಹೇಗೆ?

ಮಗು ಸುಮ್ಮನಿರುವುದು ಬರೀ ಹೆದರಿಕೆಯಿಂದಲ್ಲ, ಲೆಕ್ಕ ಹಾಕಿಯೇ. ಹೇಳಿದರೆ ಅಪ್ಪ ‘ನೀನೂ ಎರಡು ಬಿಡು’ ಅಂತಾನೆ. ಅಮ್ಮ ಮರುದಿನವೇ ಶಾಲೆಗೆ ಬಂದು ಎಲ್ಲರೆದುರು ಕೂಗಾಡುತ್ತಾಳೆ. ಟೀಚರ್ ಇಬ್ಬರನ್ನೂ ನಿಲ್ಲಿಸಿ ‘ಸಾರಿ’ ಹೇಳಿಸುತ್ತಾರೆ. ಸಂಜೆ ವ್ಯಾನಿನಲ್ಲಿ ಅದೇ ಹುಡುಗನ ಪಕ್ಕ ಕೂರಬೇಕು. ಈ ಲೆಕ್ಕ ತಪ್ಪೇನಲ್ಲ. ಬದಲಾಗಬೇಕಾದ್ದು ಮೊದಲು ನಾವು.

ಯಾವುದು ಕಾಟ, ಯಾವುದು ಬರೀ ಜಗಳ ಅಂತ ಗುರುತಿಸುವುದಕ್ಕೆ ಮನಶ್ಶಾಸ್ತ್ರಜ್ಞ ಡ್ಯಾನ್ ಓಲ್ವೇಯಸ್ ಕೊಟ್ಟ ಮೂರು ಗುರುತು ಸಾಕು: ಬೇಕಂತಲೇ ಮಾಡುವುದು, ಪದೇಪದೇ ಮಾಡುವುದು, ಬಲ ಒಂದೇ ಕಡೆ ಇರುವುದು. ಕಬಡ್ಡಿಯಲ್ಲಿ ತಳ್ಳಾಡಿದ್ದು ಜಗಳ. ಆರನೇ ಕ್ಲಾಸಿನವನು ಮೂರನೇ ಕ್ಲಾಸಿನವನ ಡಬ್ಬಿಯ ಚಿತ್ರಾನ್ನವನ್ನು ದಿನಾ ಕಿತ್ತು ತಿಂದರೆ ಅದು ಕಾಟ. ಬಲ ಅಂದರೆ ಮೈಬಲವಷ್ಟೇ ಅಲ್ಲ. ಆರು ಹುಡುಗಿಯರು ಸೇರಿ ಒಬ್ಬಳನ್ನು ಮಾತಾಡಿಸದಿರುವುದೂ ಬಲವೇ. ಕೆಟ್ಟದಾಗಿ ಮೈ ಮುಟ್ಟಿದ್ದು, ಪ್ರಾಣ ಬೆದರಿಕೆ ಹಾಕಿದ್ದು ಮಾತ್ರ ಒಂದೇ ಸಲ ಆದರೂ ಹೇಳಲೇಬೇಕು.

ಇನ್ನು ಹೇಳುವುದು. ‘ಧೈರ್ಯವಾಗಿರು’ ಅಂದರೆ ಮಗುವಿಗೆ ಏನೂ ಸಿಗುವುದಿಲ್ಲ, ಬಾಯಿಗೆ ಸಿದ್ಧವಾದ ಮಾತು ಕೊಡಿ: ‘ಮಿಸ್, ನನಗೆ ಸಹಾಯ ಬೇಕು. ಎಂಟನೇ ಕ್ಲಾಸಿನ ಅಣ್ಣ ಟಾಯ್ಲೆಟ್ ಹತ್ತಿರ ಈ ವಾರ ಮೂರು ಸಲ ದುಡ್ಡು ಕಿತ್ತುಕೊಂಡ.’ ಯಾರು, ಏನು, ಎಲ್ಲಿ, ಎಷ್ಟು ಸಲ, ಎಲ್ಲವೂ ಅದರಲ್ಲಿದೆ. ಮನೆಯಲ್ಲಿ ಇದನ್ನು ಜೋರಾಗಿ ಆಡಿಸಿ. ನೀವು ಟೀಚರ್ ಆಗಿ, ನೋಟ್‌ಬುಕ್ ತಿದ್ದುತ್ತಾ ತಲೆ ಎತ್ತದೆ ‘ಆಮೇಲೆ ಬಾ’ ಅನ್ನಿ. ಹೆಚ್ಚಿನ ಮಕ್ಕಳು ಎಡವುವುದು ಅಲ್ಲೇ, ವಾಪಸ್ ಬಂದುಬಿಡುತ್ತವೆ. ‘ಎಷ್ಟು ಗಂಟೆಗೆ ಬರಲಿ ಮಿಸ್?’ ಅಂತ ಕೇಳುವುದು ಅಭ್ಯಾಸವಾಗಲಿ. ಆಗಲೂ ಕೇಳಿಸಿಕೊಳ್ಳದಿದ್ದರೆ ಹೋಗಬೇಕಾದ ಎರಡನೇ ದೊಡ್ಡವರು ಯಾರು ಅಂತ ಮಗುವೇ ಆರಿಸಲಿ; ಪಿ.ಟಿ. ಮೇಷ್ಟ್ರು, ಆಯಮ್ಮ, ಯಾರಾದರೂ ಸರಿ. ಬೇರೆಯವರಿಗೆ ಕಾಟ ಕೊಡುವುದನ್ನು ನೋಡಿದರೂ ಇದೇ ಮಾತು. ಮಧ್ಯೆ ನುಗ್ಗಿ ಹೊಡೆದಾಡಬೇಕಿಲ್ಲ.

ಮಗು ಬಾಯಿ ಬಿಟ್ಟಾಗ ‘ಮೊದಲೇ ಯಾಕೆ ಹೇಳಲಿಲ್ಲ?’ ಅನ್ನಬೇಡಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡುವುದೂ ಬೇಡ, ಅದನ್ನು ಉಳಿಸಿಕೊಳ್ಳಲು ಆಗದು. ‘ಶಾಲೆಗೆ ಹೋಗೋ ಮುಂಚೆ ನಿನಗೆ ಹೇಳಿಯೇ ಹೋಗ್ತೀನಿ’ ಅನ್ನಿ, ಹಾಗೇ ನಡೆದುಕೊಳ್ಳಿ. ಮುಖ್ಯೋಪಾಧ್ಯಾಯರಿಗೆ ದಿನಾಂಕ, ಜಾಗ ಸಮೇತ ಬರೆದುಕೊಟ್ಟು ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಮೊಬೈಲಿನ ಕಾಟವಾದರೆ ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಸಿಟ್ಟಿನಲ್ಲಿ ಎಲ್ಲ ಅಳಿಸಿಬಿಟ್ಟು ಆಮೇಲೆ ಪರದಾಡುವವರೇ ಜಾಸ್ತಿ. ಕಾಟ ಕೊಡುವವರು ಶಿಕ್ಷಕರೇ ಆದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಲೈಂಗಿಕ ಕಿರುಕುಳವಾದರೆ ಶಾಲೆಯ ಒಳಗೇ ರಾಜಿ ಮಾಡುವ ಮಾತೇ ಇಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಮಗು ತಾನೇ ಫೋನ್ ಮಾಡಬಹುದು, ದುಡ್ಡು ಬೇಕಿಲ್ಲ.

ದೂರು ಕೊಟ್ಟ ಮೂರನೇ ದಿನ ಒಮ್ಮೆ, ಎರಡು ವಾರ ಬಿಟ್ಟು ಇನ್ನೊಮ್ಮೆ ವಿಚಾರಿಸಿ. ಹೊಡೆತ ನಿಂತು ಬಹಿಷ್ಕಾರ ಶುರುವಾಗಿರುವುದುಂಟು. ‘ಈಗ ಸರಿ ಹೋಯ್ತಾ?’ ಅಂದರೆ ಮಗು ‘ಹೂಂ’ ಅಂದುಬಿಡುತ್ತದೆ. ‘ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ?’ ಅಂತ ಕೇಳಿ.