ಹೆಸರಿಲ್ಲದ ತುಂಡು

ಮುಂಬೈಯ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು ನಾನು. ಡ್ರಾಯರಿನಲ್ಲಿ ಚಿಲ್ಲರೆ, ರಬ್ಬರ್ ಬ್ಯಾಂಡು, ಜೊತೆಗೆ ಮಾತ್ರೆ. ಕ್ಲೀನರ್ ಹುಡುಗನಿಂದ ಹಿಡಿದು ಎಲ್ಲರಿಗೂ ನಾನೇ ಡಾಕ್ಟರು!

ನಮ್ಮ ದೋಸೆ ಭಟ್ರು ಬೆಳಿಗ್ಗೆ ಐದೂವರೆಗೆ ಕಾವಲಿ ಮುಂದೆ ನಿಂತರೆ ಕೂರುವುದು ಮಧ್ಯಾಹ್ನ. ಸೊಂಟ ನೋವು ಬರದೆ ಇರುತ್ತದಾ? ಡಾಕ್ಟರ ಹತ್ತಿರ ಹೋದರೆ ಅರ್ಧ ದಿನದ ಸಂಬಳ ಕಟ್. ಮೆಡಿಕಲ್ ಎದುರಿಗೇ ಇದೆ. ನೋವಿನ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಎಂಟು ತಿಂಗಳು. ಅದೂ ಖಾಲಿ ಹೊಟ್ಟೆಗೆ, ಚಾದ ಜೊತೆ. ತಂದುಕೊಟ್ಟವನು ನಾನೇ.

ಊರಲ್ಲೂ ಇದೇ ಕತೆ. ಕುಂದಾಪುರದ ಕಡೆ ನಮ್ಮ ಹಳ್ಳಿಯಲ್ಲಿ ಗದ್ದೆ ನಟ್ಟಿ ಶುರುವಾದರೆ ಅಮ್ಮ ಗೂಡಂಗಡಿಯಿಂದ ಚಾ ಹುಡಿ, ಎಲೆ ಅಡಿಕೆ, ಎರಡು ಗುಳಿಗೆ ತರಿಸುತ್ತಿದ್ದರು. ಯಾವ ಗುಳಿಗೆ ಅಂತ ಯಾರೂ ಕೇಳಿದ್ದಿಲ್ಲ.

ಒಂದು ದಿನ ಭಟ್ರು ಕಾವಲಿ ಮುಂದೆಯೇ ಕುಸಿದರು. ಎರಡು ದಿನದಿಂದ ಕಕ್ಕಸು ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿತ್ತಂತೆ. ನಾಚಿಕೆಗೆ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಯಾವ ಮಾತ್ರೆ ಎಂದು ಕೇಳಿದರು. ಕಿಸೆಯಲ್ಲಿದ್ದ ಮಾತ್ರೆ ಸ್ಟ್ರಿಪ್ಪಿನ ತುಂಡು ತೋರಿಸಿದೆ. ನಾಲ್ಕೇ ಮಾತ್ರೆ ಕೇಳಿದರೆ ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಾರಲ್ವಾ, ಹೆಸರು, ತಾರೀಖು ಎಲ್ಲಾ ಅಂಗಡಿಯವನ ಅರ್ಧದಲ್ಲೇ ಉಳಿದಿತ್ತು. ನಮ್ಮ ತುಂಡಿಗೆ ಬಂದದ್ದು ಬದಿಯ ಕೆಂಪು ಗೆರೆ ಮಾತ್ರ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂಬ ಗುರುತು ಅದು. ನಾನು ಸುಮ್ನೆ ಡಿಸೈನು ಅಂದುಕೊಂಡಿದ್ದೆ.

ಅಂಗಡಿಗೆ ಓಡಿ ಹೆಸರು ಬರೆಸಿಕೊಂಡು ಬಂದೆ. ಡೈಕ್ಲೋಫಿನಾಕ್, 50 ಮಿಲಿಗ್ರಾಂ.

ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಡಾಕ್ಟರಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದರು: ಪ್ರೋಸ್ಟಾಗ್ಲಾಂಡಿನ್ ಅಂತ ಮೈಯಲ್ಲೇ ಹುಟ್ಟುವ ಒಂದು ವಸ್ತು ಇದೆ. ನೋವು ಜಾಸ್ತಿ ಮಾಡುವುದೂ ಅದೇ, ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ ಅದೇ. ಮಾತ್ರೆ ಅದನ್ನು ತಡೆದರೆ ನೋವಿನ ಜೊತೆ ಆ ಕಾವಲೂ ಹೋಗುತ್ತದೆ. ಎಣ್ಣೆ ಸವರದ ಕಾವಲಿಗೆ ದೋಸೆ ಹೊಯ್ದ ಹಾಗೆ ಅಂತ ನನಗೆ ಅರ್ಥವಾಯಿತು. ಕಿಡ್ನಿಯೂ ಕೆಡಬಹುದಿತ್ತಂತೆ. ಎರಡು ಬಾಟಲಿ ರಕ್ತ ಕೊಟ್ಟರು.

ಭಟ್ರು ಈಗ ವಾಪಸ್ ಬಂದಿದ್ದಾರೆ. ಧಣಿಗಳು ಕಾವಲಿ ಪಕ್ಕ ಒಂದು ಸ್ಟೂಲು ಹಾಕಿಸಿದ್ದಾರೆ. ಭಟ್ರು ಅದರ ಮೇಲೆ ಚಟ್ನಿ ಪಾತ್ರೆ ಇಡುತ್ತಾರೆ.

ನಿನ್ನೆ ಬಿಸಿನೀರಿನ ಚೀಲ ಕೊಳ್ಳಲು ಅದೇ ಮೆಡಿಕಲ್‌ಗೆ ಹೋಗಿದ್ದೆ. "ಯಾವಾಗಲೂ ಕೊಳ್ಳುವುದೇ ಅಲ್ವಾ?" ಎಂದು ಅಂಗಡಿಯವನು ಮರಾಠಿಯಲ್ಲಿ ಕೇಳಿದ. ಅಷ್ಟರಲ್ಲಿ ಕತ್ತರಿ ಕೈಗೆ ಬಂದಾಗಿತ್ತು.