ಮೊಟ್ಟೆಯಿಡುವ ಹಲ್ಲಿಗೆ ಬೇಕಾದ ಮಣ್ಣು

ನಾನು ಸಾಕಿರುವ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಮೊದಲ ಬಾರಿ ಮೊಟ್ಟೆಯಿಡಲು ಸಿದ್ಧವಾದಾಗ, ಅದು ಆಹಾರ ಬಿಟ್ಟು ಗೂಡಿನ ಮೂಲೆಗಳನ್ನು ಎಡೆಬಿಡದೆ ಕೆರೆಯುತ್ತಿದ್ದುದನ್ನು ಕಂಡು ಕಾಯಿಲೆಯೆಂದೇ ಭಾವಿಸಿದ್ದೆ. ವಾಸ್ತವದಲ್ಲಿ ಅದು ಅಗೆಯಲು ಮಣ್ಣನ್ನು ಹುಡುಕುತ್ತಿತ್ತು. ಗಂಡಿನ ಸಂಗವಿಲ್ಲದೆಯೂ ಹೆಣ್ಣು ಫಲಿಸದ ಮೊಟ್ಟೆಗಳನ್ನು ಇಡಬಲ್ಲದಾದ್ದರಿಂದ, ಒಂದೇ ಹಲ್ಲಿಯನ್ನು ಸಾಕುವವರಿಗೂ ಈ ಸಿದ್ಧತೆ ಅಗತ್ಯ.

ಎಲ್ಲಕ್ಕಿಂತ ಮುಖ್ಯವಾದುದು ಅಗೆಯುವ ಪೆಟ್ಟಿಗೆ. ಹಲ್ಲಿ ಸರಾಗವಾಗಿ ತಿರುಗಬಲ್ಲಷ್ಟು ಅಗಲವಾದ ಪೆಟ್ಟಿಗೆಯಲ್ಲಿ, ಗೊಬ್ಬರವಾಗಲಿ ಕೀಟನಾಶಕವಾಗಲಿ ಬೆರೆಯದ ಮಣ್ಣು ಮತ್ತು ಮರಳಿನ ಮಿಶ್ರಣವನ್ನು ಕನಿಷ್ಠ 20 ಸೆಂಟಿಮೀಟರ್ ಆಳಕ್ಕೆ ತುಂಬಬೇಕು. ಮುಷ್ಟಿಯಲ್ಲಿ ಒತ್ತಿದರೆ ಅದು ಉಂಡೆಯಾಗಬೇಕು, ಆದರೆ ನೀರು ಜಿನುಗಬಾರದು. ತೀರ ಒಣಗಿದ್ದರೆ ತೋಡಿದ ಸುರಂಗ ಕುಸಿಯುತ್ತದೆ, ಸರಿಯಾದ ಜಾಗ ಸಿಗದ ಹಲ್ಲಿ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ತಡೆಹಿಡಿಯುವ ಅಪಾಯವಿರುತ್ತದೆ. ಅದು ಅಗೆಯುವಾಗ ಇಣುಕಿ ನೋಡುವ ಆಸೆಯನ್ನು ದಯವಿಟ್ಟು ಅದುಮಿಕೊಳ್ಳಿ. ನನ್ನ ಹಲ್ಲಿ ನಿಶ್ಚಿಂತೆಯಿಂದ ಕೆಲಸಕ್ಕಿಳಿದದ್ದು ನಾನು ಗಾಜಿಗೆ ಬಟ್ಟೆ ಮುಚ್ಚಿ ದೂರ ಸರಿದ ಮೇಲೆಯೇ.

ಮೊಟ್ಟೆಯ ಚಿಪ್ಪಿಗೆ ಮಾತ್ರವಲ್ಲ, ಅದನ್ನು ಹೊರದೂಡುವ ಸ್ನಾಯುಗಳ ಸಂಕೋಚನಕ್ಕೂ ಕ್ಯಾಲ್ಸಿಯಂ ಬೇಕು. ಅದನ್ನು ದೇಹ ಹೀರಿಕೊಳ್ಳಲು ವಿಟಮಿನ್ ಡಿ3 ಬೇಕಾಗುವುದರಿಂದ, ಚರ್ಮದಲ್ಲಿ ಆ ವಿಟಮಿನ್ ತಯಾರಾಗಲು ನೆರವಾಗುವ ಯುವಿಬಿ (ಒಂದು ಬಗೆಯ ಅತಿನೇರಳೆ ಕಿರಣ) ದೀಪವನ್ನು ಕಡೆಗಣಿಸಬಾರದು. ಹಲ್ಲಿ ತಿಣುಕುತ್ತಿದ್ದರೂ ಮೊಟ್ಟೆ ಬಾರದೆ, ಕಣ್ಣು ಮುಚ್ಚಿ ನಿಸ್ತೇಜವಾಗಿ ಮಲಗಿದರೆ, ಹೊಟ್ಟೆಯನ್ನು ಒತ್ತುವ ಸಾಹಸ ಮಾಡದೆ ಕೂಡಲೇ ಸರೀಸೃಪಗಳ ಅನುಭವವಿರುವ ಪಶುವೈದ್ಯರ ಬಳಿಗೆ ಕರೆದೊಯ್ಯಬೇಕು.

ಮೊಟ್ಟೆಯಿಟ್ಟ ನಂತರ ಹಲ್ಲಿ ಸೊರಗಿ, ಹೊಟ್ಟೆ ಜೋತುಬಿದ್ದಿರುತ್ತದೆ. ಮೊದಲು ನೀರು, ಬಳಿಕ ಕ್ಯಾಲ್ಸಿಯಂ ಪುಡಿ ಸವರಿದ ಕೀಟಗಳನ್ನು ಕೊಡಿ.