ಮೈಮೇಲೆ ಗಾಯ ಇಲ್ಲದಿದ್ದರೂ ಅದು ಟಾರ್ಚರ್ ಆಗುತ್ತಾ?

ನಾನು ಬೆಳಗಾವಿಯಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಕೋರ್ಟಿನ ಹೊರಗೆ ಚಹಾ ಕುಡಿಯುವಾಗ ಯಾರಾದರೂ ಕೇಳೇ ಕೇಳುತ್ತಾರೆ: "ಹೊಡಿಲಿಲ್ಲ, ಬಡಿಲಿಲ್ಲ. ರಾತ್ರಿಯೆಲ್ಲ ಮಲಗಗೊಡದ ಬಾಯಿ ಬಿಡಿಸಿದ್ರ ಅದೂ ಟಾರ್ಚರ್ ಏನ್ರಿ ವಕೀಲ್ರ?"

ಹೌದ್ರಿ, ಅದೂ ಟಾರ್ಚರ್. ಕಾನೂನೂ ಹಾಗೇ ನೇರವಾಗಿ ಹೇಳಬೇಕು ಅನ್ನೋದು ನನ್ನ ವಾದ. ಈಗ ಹೇಳುತ್ತಿಲ್ಲ.

ತಪ್ಪು ಒಪ್ಪಿಸಲು ನೋವು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಂ ಪ್ರಕಾರ 7 ವರ್ಷದವರೆಗೆ ಜೈಲು, ದೊಡ್ಡ ಗಾಯವಾದರೆ 10 ವರ್ಷದವರೆಗೆ. ಆದರೆ ಅಲ್ಲಿ ನೋವು ಅಂದರೆ ಮೈಗಾದ ನೋವು, ರೋಗ ಅಥವಾ ನಿಶ್ಶಕ್ತಿ. ಹಾಗಾಗಿ ಎಲ್ಲರೂ ಹುಡುಕುವುದು ಬಾಸುಂಡೆಯನ್ನೇ. ರಿಮಾಂಡಿಗೆ ತಂದ ಹುಡುಗನ ಕಣ್ಣು ಕೆಂಪಗಿರುತ್ತವೆ, ನಿಂತಲ್ಲೇ ತೂಕಡಿಸುತ್ತಾನೆ. ಡಾಕ್ಟರ ಚೀಟಿಯಲ್ಲಿ "ಹೊರಗಿನ ಗಾಯ ಇಲ್ಲ" ಅಂತ ಬರೆದಿರುತ್ತದೆ. ಪೊಲೀಸರು ಹೊಡೆದರಾ ಅಂತ ಮ್ಯಾಜಿಸ್ಟ್ರೇಟರು ಕೇಳುತ್ತಾರೆ. "ಇಲ್ರಿ ಸಾಹೇಬ್ರ." ಅವನು ಸುಳ್ಳು ಹೇಳುತ್ತಿಲ್ಲ. ಕೇಳಿದ ಪ್ರಶ್ನೆಗೆ ಅದೇ ಸರಿಯಾದ ಉತ್ತರ.

ವಿಶ್ವಸಂಸ್ಥೆಯ 1984ರ ಒಪ್ಪಂದ ಈ ಗೊಂದಲ ಇಟ್ಟುಕೊಂಡಿಲ್ಲ. ಬಾಯಿ ಬಿಡಿಸಲೆಂದು ಸರ್ಕಾರಿ ಅಧಿಕಾರಿ ಬೇಕಂತಲೇ ಕೊಡುವ ತೀವ್ರ ಸಂಕಟ, ಮೈಗಾಗಲಿ ಮನಸ್ಸಿಗಾಗಲಿ, ಟಾರ್ಚರ್. ಭಾರತ 1997ರಲ್ಲೇ ಸಹಿ ಹಾಕಿತು, ಇವತ್ತಿಗೂ ಅನುಮೋದಿಸಿಲ್ಲ. 2010ರಲ್ಲಿ ಲೋಕಸಭೆ ಪಾಸು ಮಾಡಿದ ಟಾರ್ಚರ್ ತಡೆ ಮಸೂದೆ ರಾಜ್ಯಸಭೆ ದಾಟಲಿಲ್ಲ. 2017ರಲ್ಲಿ ಇಂಥ ಕಾನೂನು ಬೇಕು ಅಂತ ಕಾನೂನು ಆಯೋಗ ಮತ್ತೆ ಹೇಳಿತು, ಅದೂ ಅಲ್ಲೇ ನಿಂತಿದೆ.

ಗಾಯವಿಲ್ಲದ ಬಲವಂತವನ್ನು ನಮ್ಮ ಕೋರ್ಟು ಗುರುತಿಸಿಲ್ಲ ಅಂತಲ್ಲ. ನಮ್ಮ ಖಾನಾಪುರದ ತೆಲಗಿಗೆ ಛಾಪಾ ಕಾಗದದ ಹಗರಣದಲ್ಲಿ ಮಂಪರಿನ ಇಂಜೆಕ್ಷನ್ ಕೊಟ್ಟು ಪ್ರಶ್ನೆ ಕೇಳುವ ನಾರ್ಕೊ ಟೆಸ್ಟ್ ಮಾಡಿ, ಅದು ಟಿವಿಯಲ್ಲೂ ಬಂದಿತ್ತು, ನೆನಪಿದೆಯಲ್ವಾ? ಅಂಥ ಟೆಸ್ಟನ್ನು ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, ನಮ್ಮದೇ ರಾಜ್ಯದ ಕೇಸು. ಇಂಜೆಕ್ಷನ್ನಿಗೆ ಒಪ್ಪಿಗೆ ಬೇಕು, ನಿದ್ದೆಗೆಡಿಸಲು ಬೇಡವಾ?

"ಬಾಂಬ್ ಇಟ್ಟವನನ್ನೂ ಮೆತ್ತಗೆ ಕೇಳಬೇಕಾ?" ಇದು ಮುಂದಿನ ಸವಾಲು. ಅಮೆರಿಕದವರು 2002ರಲ್ಲಿ ಅಂಗಾಂಗವೇ ಕೈಕೊಡುವಷ್ಟು ನೋವಾದರೆ ಮಾತ್ರ ಟಾರ್ಚರ್ ಅಂತ ಬರೆದುಕೊಂಡು, ಉಸಿರುಗಟ್ಟುವಂತೆ ಮುಖದ ಮೇಲೆ ನೀರು ಸುರಿದರು. ಸರಿಯಾದ ಮಾಹಿತಿ ಪಡೆಯಲು ಅದು ಉಪಯೋಗಕ್ಕೆ ಬರಲಿಲ್ಲ ಅಂತ 2014ರಲ್ಲಿ ಅವರದೇ ಸೆನೆಟ್ ಸಮಿತಿ ವರದಿ ಕೊಟ್ಟಿತು. ಇನ್ನು ನಮ್ಮ ಠಾಣೆಗೆ ಬರುವವರಲ್ಲಿ ಬಾಂಬಿನವರು ಎಲ್ಲಿ? ಜಾಸ್ತಿ ಬರುವುದು ಬೈಕು, ಪಂಪ್‌ಸೆಟ್ಟು, ಬಂಗಾರದ ಸರದ ಕಳವು.

ಬಾಯಿ ಬಿಡಿಸುವ ಆತುರ ಅಲ್ಲೇ ಜಾಸ್ತಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯಲ್ಲ. ಆದರೆ ಅವನು ಹೇಳಿದ ಜಾಗದಲ್ಲಿ ಮಾಲು ಸಿಕ್ಕರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ನಡೆಯುತ್ತದೆ. ರಿಕವರಿ ಆಗಲೇಬೇಕು ಅಂತ ಮೇಲಿನಿಂದ ಒತ್ತಡ ಬೇರೆ. ಸುಮ್ನೆ ಪೇದೆಯೊಬ್ಬರನ್ನೇ ಬೈದರೆ ಏನು ಬಂತು?

ವಿಚಾರಣೆ ಕೋಣೆಯಲ್ಲೂ ಧ್ವನಿ ಸಹಿತ ಸಿಸಿಟಿವಿ ಇರಬೇಕು ಅಂತ 2020ರಲ್ಲೇ ಸುಪ್ರೀಂ ಕೋರ್ಟು ಆದೇಶ ಕೊಟ್ಟಿದೆ. ನಾನಂತೂ ಇಂಥ ಕೇಸು ಬಂದಾಗ ಮೊದಲು ಆ ದೃಶ್ಯ ಕೊಡಿಸಿ ಅಂತಲೇ ಅರ್ಜಿ ಹಾಕುತ್ತೇನೆ. ನಿಮ್ಮ ಮನೆಯವರನ್ನು ಕರೆದೊಯ್ದರೆ ನೀವೂ ವಕೀಲರಿಗೆ ಹೇಳಿ ಹಾಕಿಸಿ, ತಡ ಮಾಡಬೇಡಿ. ತಡವಾದರೆ ರೆಕಾರ್ಡ್ ಅಳಿಸಿಹೋಯಿತು ಅನ್ನುತ್ತಾರೆ.